ಪೀಚ್ ಡಬ್ಬಿ

ತೆಗಿಯೋ ಅದನ್ನ! ಆ ಪೀಚ್ ಹಣ್ಣಿನ ಡಬ್ಬೀನ ನನ್ನ ಕಣ್ಣೆದುರಿಂದ ತೆಗಿ ಅಂದೆ... ಇಪ್ಪತ್ತು ಮೈಲಿ ಆಚೆ ಅಂಗಡಿಗೆ ಹೋಗಿ ಇದನ್ನ ತಂದ್ಯಾ? ಕಾಫಿಪುಡಿ ಇಲ್ಲ, ಹಿಟ್ಟಿಲ್ಲ, ಪೀಚ್ ಅಂತೆ! ಅಣ್ಣನಿಗೆ ಪದಕ ಬಂತು ಅಂತ ಸಿಹಿಯಾ? ಕೂತ್ಕೋ, ಕ್ಲಾ. ನಿನ್ನ ಕುರಿಗಳು ಎಲ್ಲೂ ಓಡಿ ಹೋಗಲ್ಲ.

ನೋಡು ಇದನ್ನ. ಪದಕವಂತೆ ಪದಕ! ನಿನ್ನ ಟಗರಿನ ಕೊರಳಗಂಟೆ ಇದಕ್ಕಿಂತ ತೂಕ ಇದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನ ಬಾಯಿ ಮುಚ್ಚಿಸಿಟ್ರು, ಹೆಂಡ್ತಿಗೂ ಹೇಳ್ಬೇಡ ಅಂದ್ರು. ಈಗ ನೆನಪಾಯ್ತು ದೊರೆಗಳಿಗೆ! ನಿನ್ನೆ ಪದಕ ಕೊಡೋವಾಗ ಆ ಬೋಳುತಲೆ ಬಿಳಿ ಅಧಿಕಾರಿ ಏನಂದ ಗೊತ್ತಾ? ನಿಮ್ಮ ಬುಡಕಟ್ಟಿನ ಸುಂದರವಾದ ನವಾಹೊ ಭಾಷೆ ಯುದ್ಧದಲ್ಲಿ ನಮ್ಮನ್ನ ಕಾಪಾಡ್ತು ಅಂತ. ಥೂ! ಇದೇ ಸುಂದರವಾದ ಭಾಷೇಲಿ ಒಂದು ಲೋಟ ನೀರು ಕೇಳಿದ್ದಕ್ಕೆ ತಾನೇ ಈ ಬಿಳಿಯರ ವಸತಿ ಶಾಲೇಲಿ ನಿನ್ನ ಬಾಯಿಗೆ ಸೋಪು ತುರುಕಿದ್ದು?

ನಗ್ತೀಯಾ? ನಗು, ನಗು. ನಮ್ಮ ಮಾತನ್ನೇ ಗುಟ್ಟಿನ ಸಂಕೇತ ಮಾಡ್ಕೊಂಡಿದ್ರಲ್ಲ... ಟ್ಯಾಂಕಿಗೆ ಆಮೆ, ಕೈಬಾಂಬಿಗೆ ಆಲೂಗಡ್ಡೆ. ಆ ದ್ವೀಪದ ಮರಳಲ್ಲಿ ಬೋರಲು ಬಿದ್ಕೊಂಡು ನಾನು ರೇಡಿಯೋಲಿ ಆಮೆ, ಆಲೂಗಡ್ಡೆ ಅಂತ ಒದರೋದು, ಜಪಾನಿನವರು ಕೇಳಿ ಕೇಳಿ ತಲೆ ಕೆರ್ಕೊಳ್ಳೋದು! ಪಕ್ಕದಲ್ಲಿ ನಮ್ಮ ಬಿಳಿ ಸಾರ್ಜೆಂಟ್. ಅವನಿಗೂ ಒಂದಕ್ಷರ ಗೊತ್ತಿಲ್ಲ, ದಡ್ಡ ನನ್ಮಗ.

ನೀನೂ ಬರಬಹುದಿತ್ತು. ಸೇನೆಯವರು ಹುಡುಗರನ್ನ ಆರಿಸೋಕೆ ಬಂದಾಗ, ನಿಮ್ಮ ಭಾಷೇಲಿ ಏನಾದ್ರೂ ಹೇಳು ಅಂದ್ರೆ... ಗೂಟದ ಹಾಗೆ ನಿಂತೆ! ಹಲ್ಲು ಕಚ್ಕೊಂಡು, ಬೆವರು ಸುರಿಸ್ಕೊಂಡು... ಅವ್ವನ ಮಾತು ಕಣೋ ಅದು! ನಾನು ನಾಚಿಕೆಯಿಂದ ಸತ್ತೆ ಅವತ್ತು. ಈಗ್ಲೂ ಕುರಿಗಳ ಹತ್ರ ಮಾತ್ರ ನಮ್ಮ ಮಾತಾಡ್ತೀಯಂತೆ, ನಿನ್ನ ಹೆಂಡ್ತಿ ಹೇಳಿದ್ಲು. ಮನುಷ್ಯರ ಹತ್ರ ಬರೀ ಇಂಗ್ಲಿಷಲ್ಲಿ ಹೂಂ, ಉಹೂಂ. ಹೇಡಿ! ಏಳು ವರ್ಷದವನಿದ್ದಾಗ ಸೋಪು ತಿನ್ನಿಸಿದ್ರು ಅಂತ ನಲವತ್ತಾರರ ಗಂಡಸು ಮೂಗ ಆಗ್ತಾನಾ?

ನನ್ನನ್ನ ಯಾಕೆ ಗುರಾಯಿಸ್ತೀಯ? ನೀನು ನಮ್ಮ ಮಾತಲ್ಲಿ ನೀರು ಕೇಳ್ದೆ ಅಂತ ಶಾಲೆ ಮೇಡಂಗೆ ಚಾಡಿ ಹೇಳಿದ್ದು ನಾನಾ? ಅವನು... ಆ ಹೋದವನು. ನಿನ್ನ ಪಕ್ಕದ ಮಂಚದ ಹುಡುಗ, ಅದೇ ಚಳಿಗಾಲದಲ್ಲಿ ಕೆಮ್ಮಿ ಕೆಮ್ಮಿ ಹೋದನಲ್ಲ. ಹೆಸರು ಹೇಳಿಸ್ಬೇಡ ನನ್ನ ಕೈಲಿ. ಸತ್ತವರ ಹೆಸರು ಎತ್ತಿದ್ರೆ ಎದ್ದು ಬರ್ತಾರೆ. ಅದಕ್ಕೇ ಅವ್ವನೂ ಎತ್ತಲಿಲ್ಲ, ಅವನ ಮನೆಯವರೂ ಎತ್ತಲಿಲ್ಲ, ಯಾರೂ ಏನೂ ಕೇಳಲಿಲ್ಲ... ಚಾಡಿಕೋರ! ಅದೂ ಯಾತಕ್ಕೆ? ಒಂದು ಡಬ್ಬಿ ಪೀಚಿಗೆ! ಮೇಡಂ ಅಡುಗೆಮನೆ ಹಿಂದಕ್ಕೆ ಕರೆದು ಕೊಡೋಳು. ಚಮಚ ಕೊಡಲ್ಲ, ಕೈ ಹಾಕೇ ತಿನ್ಬೇಕು. ಪಾಕ ಮೊಣಕೈ ತನಕ ಇಳಿಯುತ್ತೆ, ಡಬ್ಬಿ ಅಂಚು ತಾಗಿ ಹೆಬ್ಬೆರಳು ಕುಯ್ದು, ರಕ್ತದ ಜೊತೇಲೇ ನೆಕ್ಕಿ...

ಏನು? ನನ್ನ ಹೆಬ್ಬೆರಳು ಯಾಕೆ ನೋಡ್ತೀಯ? ಇದು ಯುದ್ಧದ ಗಾಯ. ಯುದ್ಧದ್ದು ಅಂದೆ!

ಕ್ಲಾ... ಏನಾದ್ರೂ ಅನ್ನು. ಚಾಕು ಯಾಕೆ ತೆಗೆದೆ? ಓ... ಡಬ್ಬಿಗಾ. ನನ್ನ ಮುಂದೆ ಯಾಕೆ ಇಡ್ತೀಯ? ಕಣ್ಣೆದುರಿಂದ ತೆಗಿ ಅಂತ ಆಗ್ಲೇ ಅಂದೆನಲ್ಲ... ಯಾವಾಗಿಂದ ಗೊತ್ತು ನಿನಗೆ? ಅವತ್ತಿಂದಲೇನಾ? ಬಾಯಿ ತುಂಬ ನೊರೆ ಇಟ್ಕೊಂಡು ಅಳ್ತಾ ಓಡಿ ಬಂದು ನನ್ನ ಕೈ ಹಿಡ್ಕೊಂಡ್ಯಲ್ಲ... ಅಂಟಿತ್ತಾ? ಕೈ ಪಾಕದಿಂದ ಅಂಟಂಟಾಗಿತ್ತಾ, ಕ್ಲಾ?

ಎಲ್ಮರ್ ನಕಾಯ್ ಅಲ್ಲ ಕಣೋ. ನೋಡು, ಹೆಸರು ಹೇಳ್ಬಿಟ್ಟೆ. ಎಲ್ಮರ್ ಅಲ್ಲ. ಬರ್ಲಿ ಅವನು, ಬಂದು ಕೇಳಿಸ್ಕೊಳ್ಳಲಿ. ನನಗೆ ಹನ್ನೊಂದು ವರ್ಷ, ಹಸಿವಾಗಿತ್ತು...

ಬೈಯೋ, ಕ್ಲಾ. ಎದ್ದು ಹೋಗ್ಬೇಡ. ಬಾಯಿಗೆ ಬಂದಿದ್ದು ಬೈ. ನಮ್ಮ ಮಾತಲ್ಲೇ ಬೈಯೋ... ಒಂದೇ ಒಂದು ಮಾತು.