ಲಿವರ್ ಬಿಟ್ಟು ಹೊರಟ ಜೀವಕೋಶ

ಅಧ್ಯಕ್ಷತೆ ವಹಿಸಿರುವ, ನನಗೆ ಜೀವಶಾಸ್ತ್ರ ಕಲಿಸಿದ ಚಿದಾನಂದ ಮಾಸ್ತರರೇ, ವೇದಿಕೆಯ ಗಣ್ಯರೇ, ಅಳದಂಗಡಿಯ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದಿರುವ ಸಭಿಕರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ತಾಯಿ, ಉಮ್ಮ ಖದೀಜ ಅವರೇ,

ಆಫ್ರಾ ಡಾಕ್ಟರೇಟ್ ಪಡೆದಳೆಂದು ನನಗೆ ಶಾಲು ಹೊದೆಸಿದ್ದೀರಿ. ಲಿವರಿನ ಚಿತ್ರಕ್ಕೆ ಮಾಸ್ತರರು ನನಗೆ ಹತ್ತರಲ್ಲಿ ಮೂರು ಅಂಕ ಕೊಟ್ಟಿದ್ದರು, ಅದೇ ಲಿವರಿಗೆ ಇಂದು ಸನ್ಮಾನ! ಐದು ನಿಮಿಷದಲ್ಲಿ ಸಂಶೋಧನೆಯನ್ನು ವಿವರಿಸಬೇಕಂತೆ. ನಿರೂಪಕರು ಗಡಿಯಾರ ನೋಡುತ್ತಿದ್ದಾರೆ. ನಾನೂ ನೋಡುತ್ತಿದ್ದೇನೆ.

ಲಿವರಿನ ಕ್ಯಾನ್ಸರ್ ಕೋಶ ತಾನಾಗಿಯೇ ಹೊರಡುವುದು ಕಡಿಮೆ. ಹೊರಗಿನಿಂದ ಅದಕ್ಕೊಂದು ಸಂಕೇತ ಬರುತ್ತದೆ. ಅದನ್ನು ಹಿಡಿಯುವ ಪ್ರೋಟೀನ್ ಕೋಶದ ಮೈಮೇಲೆ ಉಂಟು. ಅದು ಸಂಕೇತವನ್ನು ಒಳಗಿನ ಇನ್ನೊಂದು ಪ್ರೋಟೀನಿಗೆ, ಇನ್ನೊಂದು ಮತ್ತೊಂದಕ್ಕೆ ದಾಟಿಸುತ್ತದೆ. ಆಗ ಕೋಶ ಪಕ್ಕದ ಕೋಶಗಳ ಹಿಡಿತ ಬಿಡುತ್ತದೆ, ರಕ್ತಕ್ಕೆ ಇಳಿಯುತ್ತದೆ, ಶ್ವಾಸಕೋಶದಲ್ಲಿ ಬಿಡಾರ ಹೂಡುತ್ತದೆ. ಸಂಕೇತ ಕಳುಹಿಸುವವರು ಯಾರು? ಬಹಳ ಸಲ, ವರ್ಷಗಟ್ಟಲೆ ಗಾಯಗೊಂಡ ಅದೇ ಲಿವರ್. ಗಾಯ ಮಾಡುವವರು ಯಾರು? ಹೆಪಟೈಟಿಸ್ ಬಿ ವೈರಸ್ ಕೂಡ ಮಾಡುತ್ತದೆ. ರಕ್ತದಿಂದ ಹರಡುವ ವೈರಸ್ ಅದು.

ನನ್ನ ತಂದೆ ಮೊಯಿದಿನಬ್ಬ ಅಲ್ಲಿಯ ಸೆಖೆಗೆ ಹೆದರಿ ಗಲ್ಫಿಗೆ ಹೋಗಲಿಲ್ಲವೆಂದು ನೀವೆಲ್ಲ ನಂಬಿದ್ದೀರಿ. ಅಲ್ಲ. ವೀಸಾದ ಮೆಡಿಕಲ್‌ನಲ್ಲಿ ಆ ವೈರಸ್ ಸಿಕ್ಕಿ ಅನ್‌ಫಿಟ್ ಆದರು. ಹದಿನೆಂಟು ವರ್ಷ ಆ ಚೀಟಿಯನ್ನು ಒಬ್ಬ ಡಾಕ್ಟರಿಗೂ ತೋರಿಸಲಿಲ್ಲ. ಲಿವರಿನ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿ ತೀರಿಕೊಂಡರು. ಊರಿಗೆ ನಾವು ಜಾಂಡಿಸ್ ಎಂದೆವು.

ಉಮ್ಮ, ತಲೆ ತಗ್ಗಿಸಬೇಡಿ. ಇದನ್ನು ಹೇಳಬೇಕೆಂದು ಬಂದವಳಲ್ಲ ನಾನು.

ನನ್ನ, ಉಮ್ಮನ ರಕ್ತಪರೀಕ್ಷೆ ಆಗಿದೆ. ವೈರಸ್ ಇಲ್ಲ. ತಮ್ಮ ಇಹ್ಸಾನನದು ಇನ್ನೂ ಆಗಿಲ್ಲ. ಅವನು ಮೊದಲ ಸಲ ಗಡ್ಡ ತೆಗೆದದ್ದು ತಂದೆಯ ರೇಜರಿನಲ್ಲಿ, ರೇಜರಿಗಂಟಿದ ರಕ್ತದಿಂದಲೂ ಆ ವೈರಸ್ ದಾಟುತ್ತದೆ. ಈ ತಿಂಗಳು ಅವನಿಗೆ ಕತಾರಿನ ವೀಸಾ ಬಂತು. ಬೇಡ, ಊರಿನ ಅಂಗಡಿಯೇ ಸಾಕು ಎಂದ. ಉಮ್ಮನನ್ನು ಬಿಟ್ಟುಹೋಗದ ಮಗ ಎಂದು ನೀವು ಹೊಗಳಿದಿರಿ. ಅಡುಗೆಮನೆಯಲ್ಲಿ ನನಗೆ ಮಾತ್ರ ಹೇಳಿದ: “ವೀಸಾ ಬೇಕಾದರೆ ಬಿಡ್ತೇನೆ, ಟೆಸ್ಟಿಗೆ ರಕ್ತ ಕೊಡುದಿಲ್ಲ. ಗೊತ್ತಾಗದಿದ್ದರೆ ಆರಾಮಲ್ಲಿ ಇರಬಹುದಲ್ಲ?”

ಆರಾಮ! ಐದು ವರ್ಷ ಕೋಶದ ಸಂಕೇತವನ್ನು ತಡೆಯುವುದು ಹೇಗೆಂದು ಓದಿದವಳು, ಅವನಿಗೆ ಚಹಾ ಸೋಸಿ ಕೊಟ್ಟು ಹೊರಗೆ ಬಂದೆ.

ಇಹ್ಸಾನ್, ಹಿಂದಿನ ಸಾಲಿನಲ್ಲಿ ಕುಳಿತಿದ್ದೀಯಲ್ಲ, ಕೇಳು, ಆ ವೈರಸ್ಸನ್ನು ಹದ್ದುಬಸ್ತಿನಲ್ಲಿಡುವ ಮಾತ್ರೆ ಈಗ ಉಂಟು. ಇಲ್ಲವೆಂದೇ ವರದಿ ಬರಬಹುದು, ಆಗ ಲಸಿಕೆ ಸಾಕು. ನನಗೆ ಹೆದರಿಕೆ ಆಗುತ್ತಿದೆ. ಎಲ್ಲರ ಮುಂದೆ ನಿನ್ನ ಮಾನ ತೆಗೆದೆ ಎಂದು ಬೈದುಕೋ, ಆದರೆ ಏಳಬೇಡ. ಏಳಬೇಡ ಎಂದೆನಲ್ಲ.

ಅಧ್ಯಕ್ಷರು ಕ್ಷಮಿಸಬೇಕು. ಕರೆದು ಗೌರವಿಸಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಬಾಗಿಲ ಬಳಿ ನಿಂತವರು ದಯವಿಟ್ಟು ನನ್ನ ತಮ್ಮನಿಗೆ ದಾರಿ ಬಿಡಬೇಡಿ, ನಾನು ಕೆಳಗೆ ಬರುತ್ತಿದ್ದೇನೆ. ನಮಸ್ಕಾರ.