ಮೊಂಬಾಸಾಕ್ಕ ಹೋಗೂ ದಾಖಲಾ

...ಹಂಗಲ್ಲ ಗುಡ್ಡಪ್ಪಾ, ಆ ಹಗ್ಗ ಹೊಸಿಯೂದು ಬಿಟ್ಟು ಒಂದಿಷ್ಟು ಕೇಳು. ಯಾಕ ನಗತಿ? ಇಷ್ಟ ದಿನ ಗುಡ್ಡ್ಯಾ ಅಂತಿದ್ದಾಂವ ಇವತ್ತ ಗುಡ್ಡಪ್ಪಾ ಅಂದೆ ಅಂತೇನು? ನಗು. ನಿನಗ ನಗಿ ಬರತೈತಿ, ನನಗ ಮೈ ಉರಿಯಾಕತ್ತೇತಿ. ನಿಮ್ಮ ಕೇರಿಗೆ ಬಂದು ನಿನ್ನ ಅಂಗಳದಾಗ ಕುಂತೇನಿ, ಅದಕ್ಕರ ಒಂದ ಕಿಮ್ಮತ್ತ ಕೊಡು.

ಆಫ್ರಿಕಾದ ಮೊಂಬಾಸಾದ ಆಚೆ ಒಂದ ಹತ್ತಿ ಬಿಡಸೂ ಜಿನ್ನಿನಾಗ ನನಗ ಫಿಟ್ಟರ್ ಕೆಲಸ ಸಿಕ್ಕೈತಿ. ಹಡಗ ಮುಂಬೈ ಬಿಡಾಕ ಹದಿನೆಂಟ ದಿನ ಉಳದಾವ. ಆ ದೇಶದಾವ್ರು ಕೇಳಿದ್ದು ಒಂದ ಕಾಗದ, ಈ ಮನಶ್ಯಾನ ಮ್ಯಾಲೆ ಗುನ್ಹೆ ಇಲ್ಲ ಅಂತ. ನಾ ಹುಟ್ಟಿದ್ದು ಹುಕ್ಕೇರಿ, ಅಲ್ಲೀ ಪೊಲೀಸ ಫೌಜದಾರ ಬರದ ಕೊಟ್ಟ. ಮುಗೀತಲ್ಲ? ಮುಗೀಲಿಲ್ಲ. ಹುಕ್ಕೇರಿ ಫೌಜದಾರನ ಸಹಿ ಕಡಲ ಆಚೆ ಯಾರ ನೋಡ್ಯಾರ ಅಂತಾರ. ನಾ ಈಗ ಇರೂದು ಗೋಕಾಕದಾಗ, ಅದಕ್ಕ ಅಲ್ಲೀ ತಾಲೂಕ ಮಾಮಲೇದಾರ ಈ ಸಹಿ ಖರೆ ಅಂತ ಶಿಕ್ಕಾ ಹೊಡೀಬೇಕಂತ. ಆ ಶಿಕ್ಕಾ ಖರೆ ಅಂತ ಬೆಳಗಾವಿ ಕಲೆಕ್ಟರ್ ಸಾಹೇಬ ಇನ್ನೊಂದು ಹೊಡೀಬೇಕಂತ. ಖರೆ ಮಾತಿಗೆ ಎಷ್ಟ ಮುದ್ರಿ ಬೇಕೋ ಮಾರಾಯಾ?

ಮೂರ ಸಲ ಅಡ್ಡಾಡಿದೆ. ಮೂರನೇ ಸಲ ಮಾಮಲೇದಾರ ಶಿಕ್ಕಾ ಕೈಯಾಗ ಹಿಡದಿದ್ದ. ಕಾರಕೂನ ಬಂದು ಕಿವಿಯಾಗ ಏನೋ ಅಂದ. ಹಿಡದ ಶಿಕ್ಕಾ ಪೆಟಿಗಿಯಾಗ ಇಟ್ಟಬಿಟ್ಟ. ಹತ್ತ ವರ್ಷದ ಹಿಂದ ಮೂಡಲಗಿ ಜಿನ್ನಿನಾಗ ಹಿತ್ತಾಳಿ ಬೇರಿಂಗ್ ಕಳುವಾದ ಕೇಸಿನಾಗ ನಿನ್ನ ಹೆಸರ ಐತಿ ಅಂತ ನನಗ ಅಂದ. ಸಾಕ್ಷಿ ಅಂತ ಐತ್ರಿ, ಕಳ್ಳ ಅಂತ ಇಲ್ರಿ ಅಂದೆ. ಅದನ್ನ ಶಿಕ್ಷಾ ಆದಾಂವ ಹೇಳಲಿ ಅಂದ.

ಶಿಕ್ಷಾ ಆದಾಂವ ನೀನ, ಅದಕ್ಕ ಬಂದೇನಿ. ಎಲ್ಲಾ ಬರಸಿಕೊಂಡ ಬಂದೇನಿ. ನೀ ಹೆಬ್ಬಟ್ಟ ಒತ್ತೂದು ನೋಡಾಕ ಜಮಾದಾರನ್ನೂ ಕಳಿಸ್ಯಾರ, ಹೊರಗ ಬೇವಿನ ಗಿಡದ ಬುಡಕ ಕುಂತಾನ. ತಗೋ ಮಸಿ ಡಬ್ಬಿ. ಒತ್ತು.

ಏನ ನೋಡತಿ? ಓದಿ ಹೇಳ್ಲ್ಯಾ? ಕೇಳು. 'ಮೂಡಲಗಿಯ ಗುಡ್ಡಪ್ಪನಾದ ನಾನು ಬರೆಸಿಕೊಡುವದೇನಂದರೆ, ಆ ಕಳುವು ನಾನೊಬ್ಬನೇ ಮಾಡಿದ್ದು. ಮುರಿಗೆಪ್ಪನಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ...' ಮುರಿಗೆಪ್ಪ ಅಂದ್ರ ನಾನ. ಅಷ್ಟ. ಉಳದದ್ದು ಹಂಗ ಐತಿ.

ಯಾಕ, ಮತ್ತ ಹಗ್ಗ ಹೊಸಿಯಾಕತ್ತಿ? ಒಂಬತ್ತ ತಿಂಗಳ ಜೇಲು ಅವತ್ತ ಮುಗದ ಹೋತು. ಈಗ ಒತ್ತಿದರ ನಿಂದೇನ ಹೋಗತೈತಿ? ನೀ ಜೇಲಿನಾಗ ಇದ್ದಾಗ ನಿನ್ನ ಹೇಂತಿ ರಾಯವ್ವಗ ಹೆರಿಗಿ ಬ್ಯಾನಿ ಬಂದ್ರ ನಾ ಏನ ಮಾಡ್ಲಿ? ಕಳ್ಳನ ಹೇಂತಿ ಅಂತ ಸೂಲಗಿತ್ತಿನೂ ಬರಲಿಲ್ಲ, ಆಕಿ ಸತ್ತಳು, ಅದೂ ನನ್ನ ತಪ್ಪ?... ನೀ ಆಕಿ ಹೆಸರ ತಗೀಲಿಲ್ಲ, ಹೌದು. ನಾನ ತಗದೆ.

ಹಂಗ ನೋಡಬ್ಯಾಡ. ಬೇಕಾದರ ಬೈ. ನಾನೇನ ನಿನ್ನ ಹಿಡದ ಕೊಟ್ಟೆನೇನು? ಮಾಲು ನಿನ್ನ ಬುತ್ತಿ ಬುಟ್ಟಿಯಾಗ ಸಿಕ್ತು. ರೊಟ್ಟಿ ಕೆಳಗ, ಎಣ್ಣಿ ಹತ್ತಿದ ಗೋಣಿ ತುಕಡಿಯಾಗ ಸುತ್ತಿ...

ಯಾಕ ಹಗ್ಗ ಬಿಟ್ಟಿ?

ಗೋಣಿ ಅಂದದ್ದಕ್ಕೇನು? ಬುಟ್ಟಿ ಬಿಚ್ಚಿದಾಗ ನಾ ಅಲ್ಲಿ ಇರಲಿಲ್ಲ, ಖರೆ. ಪಂಚನಾಮಾದಾಗ ಗೋಣಿ ಅಂತ ಬರದೂ ಇಲ್ಲ. ಹಂಗಾದರ ನನಗ ಹೆಂಗ ಗೊತ್ತು ಅಂತ... ನೀ ಏನೂ ಕೇಳಲಿಲ್ಲ.

ನಾನ ಇಟ್ಟದ್ದು. ಎಲ್ಲಾರ ಚೀಲ ತಪಾಸ ಮಾಡ್ತಾರ ಅಂತ ಸುದ್ದಿ ಬಂತು. ನನ್ನ ಚೀಲದಾಗ ಇತ್ತು. ಬಾಜೂಕ ನಿನ್ನ ಬುಟ್ಟಿ ಇತ್ತು. ಅಷ್ಟ. ನಿನಗ ಗೊತ್ತಿತ್ತು? ಅವತ್ತಿಂದ ಗೊತ್ತಿತ್ತು? ಮತ್ತ ಕೋರ್ಟಿನಾಗ ಯಾಕ ಬಾಯಿ ಬಿಡಲಿಲ್ಲ... ಹೌದು. ನನ್ನ ಸಾಕ್ಷಿ ಇದ್ದಾಗ ನಿಮ್ಮ ಕೇರಿಯಾಂವನ ಮಾತ ಯಾರ ನಂಬತಿದ್ರು.

ಮಸಿ ಡಬ್ಬಿ ನನ್ನ ಕಡೆ ಯಾಕ ಸರಸತಿ? ನನಗ ಸಹಿ ಮಾಡಾಕ ಬರತೈತಿ... ಅಂದ್ರ, ನಾ ಮಾಡಿದ್ದು ನಾನ ಬರದ ಕೊಡಬೇಕೇನು? ಮಾತಾಡು ಗುಡ್ಡಪ್ಪಾ. ಒಂದ ಮಾತ ಆಡು.

...

ಜಮಾದಾರ್ರ, ಒಳಗ ಬರ್ರಿ. ಈ ಕಾಗದ ಸುಳ್ಳೈತಿ. ಬ್ಯಾರೆ ಬರಿಯೂದೈತಿ, ನನ್ನ ಹೆಸರಲೆ.