ಕೋಟಿನ ತೋಳು

ಬಟ್ಟೆ ಹೊಲಿಯುವ ಫ್ಯಾಕ್ಟರಿಯ ಎದುರಿನ ಬಸ್‌ಸ್ಟಾಪಿನಲ್ಲಿ ನನ್ನ ಪಕ್ಕ ಅಕ್ಕತಂಗಿಯರಿಬ್ಬರು ಕೂತಿದ್ದರು. ಅಕ್ಕ ಗೇಟಿನಲ್ಲಿ ಹೆಂಗಸರ ತಪಾಸಣೆ ಮಾಡುವವಳು. ಖಾಕಿ ಕೋಟು ಇನ್ನೂ ಮೈಮೇಲಿತ್ತು. ತಂಗಿ ಒಳಗೆ ಮಿಷನ್ನಿನ ಮುಂದೆ ಕೂರುವವಳು. ಚಪ್ಪಲಿ ಬಿಟ್ಟು ಪಾದ ಒತ್ತಿಕೊಳ್ಳುತ್ತಿದ್ದಳು.

“ಅಷ್ಟು ಜನರೆದುರು ಆ ಹೊಸಬಳ ತುರುಬು ಯಾಕೆ ಬಿಚ್ಚಿಸಿದೆ ಅಕ್ಕ?”

“ದಾರದ ಉಂಡೆ ಕಾಣೆಯಾಗ್ತಾ ಇದೆ. ತುರುಬಲ್ಲಿಟ್ಕೊಂಡು ಹೋಗ್ತಾರೆ.”

“ಏನು ಸಿಕ್ತು?”

“ಪಿನ್ನು.”

“ಅತ್ತುಬಿಟ್ಲು ಪಾಪ.”

“ಅಳ್ಲಿ ಬಿಡು. ಯಾವಾಗ್ಲೂ ತಲೆ ತಗ್ಗಿಸ್ಕೊಂಡು ಹೋಗ್ತಾಳೆ, ಮುಖ ಕೊಟ್ಟು ಮಾತಾಡಲ್ಲ. ಕಳ್ಳರನ್ನ ನಡಿಗೇಲೇ ಹಿಡೀತೀನಿ ನಾನು.”

“ಹೋದ ವರ್ಷ ನಿನ್ನ ತುರುಬು ಬಿಚ್ಚಿಸಿದಾಗ ನೀನು ಊಟಾನೇ ಬಿಟ್ಟಿದ್ದೆ.”

“ಆಗ ನಾನೂ ನಿಮ್ಮ ಜೊತೆ ಹೊಲೀತಿದ್ದೆ. ಈಗ ಗೇಟು ನನ್ನ ಕೈಲಿದೆ.”

ತಂಗಿ ಪಾದ ಒತ್ತಿಕೊಳ್ಳುವುದನ್ನು ನಿಲ್ಲಿಸಿದಳು.

“ನನ್ನ ಊಟದ ಡಬ್ಬಿ ಯಾವತ್ತಾದ್ರೂ ತೆಗೆಸಿದೀಯಾ?”

“ನಿಂದ್ಯಾಕೆ ತೆಗೆಸ್ಲಿ? ನೀನು ನನ್ನ ತಂಗಿ.”

“ಈ ಕೋಟಿನ ತೋಳು ಹರಿದಿತ್ತು, ಭಾನುವಾರ ಹೊಲಿದುಕೊಟ್ನಲ್ಲ. ಆ ದಾರ ಎಲ್ಲಿಂದ ಬಂತು ಅಂದ್ಕೊಂಡೆ?”

ಅಕ್ಕ ತೋಳಿನ ಹೊಲಿಗೆಯ ಮೇಲೆ ಕೈಯಿಟ್ಟಳು.

“ಮೆಲ್ಲಗೆ ಮಾತಾಡೇ.”

“ನಾಳೆ ಅವಳ ತಲೆಗೆ ಕೈ ಹಾಕೋದಾದ್ರೆ ಮೊದಲು ನನ್ನ ಡಬ್ಬಿ ತೆಗೆಸು. ಎಲ್ಲರೆದುರು.”

ಬಸ್ಸು ಬಂತು. ತಂಗಿ ಚಪ್ಪಲಿ ಮೆಟ್ಟಿಕೊಂಡು ಹತ್ತಿದಳು. ಅಕ್ಕ ಎದ್ದು ನಿಂತು ಕೋಟು ಬಿಚ್ಚಿ, ಮುದುರಿ, ಚೀಲದ ತಳಕ್ಕೆ ತುರುಕಿದಳು. ಆಮೇಲೆ ತಲೆ ತಗ್ಗಿಸಿಕೊಂಡು, ಯಾರಿಗೂ ಮುಖ ಕೊಡದೆ ತಾನೂ ಹತ್ತಿದಳು.